ಮೂಗಿನ ಮೇಲೊಂದು ಕಪ್ಪು ಗಂಟು, ಹಿಮ್ಮಡಿಯಲ್ಲೊಂದು ‘ಆಣಿ’

ಚರ್ಮದ ಕ್ಯಾನ್ಸರ್ ಎಷ್ಟು ಬೇಗ ಬೆಳೆಯುತ್ತದೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಒಬ್ಬ ದರ್ಜಿ ನೆನಪಾಗುತ್ತಾರೆ. ಒಂದೇ ಮೈಯಲ್ಲಿ ಎರಡು ಕ್ಯಾನ್ಸರ್. ಒಂದು ಆಮೆ, ಇನ್ನೊಂದು ಮೊಲ ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ನಾವು ಮೊಲ ಅಂದುಕೊಂಡದ್ದು ಕೂಡ ಬಹಳ ಕಾಲ ಆಮೆಯ ಹಾಗೇ ತೆವಳಿತ್ತು. ಅದು ಗೊತ್ತಾದದ್ದು ಆಮೇಲೆ.

ಹೆಸರು, ಊರು, ಆಸ್ಪತ್ರೆ ಎಲ್ಲ ಬಿಟ್ಟಿದ್ದೇನೆ. ವಯಸ್ಸು ಅರವತ್ತು ದಾಟಿತ್ತು ಅಂದರೆ ಸಾಕು. ಕಸುಬನ್ನು ಮಾತ್ರ ಬಿಡಲು ಆಗಲಿಲ್ಲ, ಇಡೀ ಕಥೆ ಅದರ ಮೇಲೇ ನಿಂತಿದೆ. ಬರೆಯಲು ಅವರ ಒಪ್ಪಿಗೆ ಇದೆ. “ನಿಮ್ಮ ತಪ್ಪನ್ನೂ ಬರೀಬೇಕು ಡಾಕ್ಟ್ರೇ” ಅಂತ ಷರತ್ತು ಹಾಕಿಯೇ ಒಪ್ಪಿದರು.

ಮೊದಲ ಭೇಟಿ

ಅವರನ್ನು ಕರೆತಂದದ್ದು ಮಗಳು. ತಂದೆಯ ಮೂಗಿನ ಪಕ್ಕ ಒಂದು ಕಪ್ಪು ಗಂಟು ಇತ್ತು. ಅಂಚು ಮುತ್ತಿನ ಹಾಗೆ ಹೊಳೆಯುತ್ತಿತ್ತು. ನಡುವೆ ಸಣ್ಣ ಕುಳಿ, ಮುಖ ಒರೆಸುವಾಗ ಆಗಾಗ ರಕ್ತ ಜಿನುಗುತ್ತಿತ್ತಂತೆ. “ನಾಲ್ಕು ವರ್ಷದಿಂದ ಇದೆ, ಸುಮ್ನೆ ಇವಳಿಗೆ ಗಾಬರಿ” ಎಂದರು ಅವರು. ಕಪ್ಪಗಿದೆ, ಮುಖದ ಮೇಲಿದೆ, ರಕ್ತ ಬರುತ್ತದೆ. ಮಗಳ ಗಾಬರಿಗೆ ಅರ್ಥ ಇತ್ತು.

ಡರ್ಮಟೋಸ್ಕೋಪ್ ಅಂದರೆ ಬೆಳಕು ಇರುವ ಕೈಮಸೂರ ಅಂದುಕೊಳ್ಳಿ. ಅದರಲ್ಲಿ ನೋಡಿದಾಗ ಗಂಟಿನ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಸಣ್ಣ ರಕ್ತನಾಳಗಳು ಕಂಡವು. ಮಧ್ಯೆ ಮಧ್ಯೆ ನೀಲಿ-ಬೂದು ಬಣ್ಣದ ಗುಳ್ಳೆಗಳು. ಇದು ಬೇಸಲ್ ಸೆಲ್ ಕಾರ್ಸಿನೋಮಾದ ಚಹರೆ. ಕಂದು ಮೈಬಣ್ಣದವರಲ್ಲಿ ಈ ಕ್ಯಾನ್ಸರ್ ಹೀಗೆ ಕಪ್ಪಾಗಿ ಬರುವುದು ಸಾಮಾನ್ಯ. ಬೆಳೆಯುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಹಾಗಂತ ಬಿಟ್ಟರೆ ಪಕ್ಕದ ಚರ್ಮ, ಮೃದು ಎಲುಬು, ಕೆಲವೊಮ್ಮೆ ಎಲುಬನ್ನೂ ಕೊರೆಯುತ್ತಾ ಹೋಗುತ್ತದೆ. ತೆಗೆಯಲೇಬೇಕು, ಆದರೆ ಓಡೋಡಿ ಅಲ್ಲ.

ಇದನ್ನೇ ಅವರಿಗೆ ಹೇಳಿದೆ. ಬಯಾಪ್ಸಿಗೆ, ಅಂದರೆ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಲು, ಐದು ವಾರ ಬಿಟ್ಟು ದಿನ ಕೊಟ್ಟೆ. ಇಬ್ಬರ ಮುಖದಲ್ಲೂ ನಿರಾಳ. ಎದ್ದು ಬಾಗಿಲ ಕಡೆ ಹೋಗುವಾಗ ಅವರು ಬಲಗಾಲನ್ನು ಸ್ವಲ್ಪ ಎತ್ತಿ ಎತ್ತಿ ಇಡುತ್ತಿದ್ದರು.

“ಕಾಲಿಗೇನಾಯ್ತು ಯಜಮಾನರೇ?”

“ಆಣಿ ಡಾಕ್ಟ್ರೇ. ದಿನಾ ಮೆಷಿನ್ ತುಳಿಯೋದಲ್ವಾ, ಬರದೇ ಇರುತ್ತಾ?”

ನಲವತ್ತು ವರ್ಷದಿಂದ ಹೊಲಿಗೆ ಯಂತ್ರದ ಪೆಡಲ್ ತುಳಿದ ಕಾಲು. ಆಣಿ ಬರುವುದು ಸಹಜವೇ. ಹೊರಗೆ ಇನ್ನೂ ಎಂಟು ಜನ ಕೂತಿದ್ದರು. ನಾನು ತಲೆ ಆಡಿಸಿದೆ, ಅವರು ಹೋದರು. ನನ್ನ ತಪ್ಪು ಇದೇ. ಚಪ್ಪಲಿ ಬಿಡಿಸಿ ನೋಡಲು ಅರ್ಧ ನಿಮಿಷ ಸಾಕಿತ್ತು.

ಐದು ವಾರ ಆದಮೇಲೆ

ಬಯಾಪ್ಸಿ ದಿನ ಅವರು ಮಗಳ ಹೆಗಲು ಹಿಡಿದು ಬಂದರು. ಮೂಗಿನ ಗಂಟು ಹಾಗೇ ಇತ್ತು, ಅಳತೆಯೂ ಅದೇ, 6 ಮಿಲಿಮೀಟರ್. ಈ ಸಲ ನಾನು ಕೇಳಲಿಲ್ಲ, ಕಾಲು ಮೇಲಿಡಿ ಎಂದೆ.

ಹಿಮ್ಮಡಿಯ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗಂಟು. ಹಸಿ ಹಸಿ ಮೈ, ಮುಟ್ಟಿದರೆ ಗಟ್ಟಿ. ಅಡ್ಡಗಲ 9 ಮಿಲಿಮೀಟರ್. ಸುತ್ತ ಬಿಳಿಚಿಕೊಂಡ ಚರ್ಮ, ಆಣಿಯ ಪಟ್ಟಿ ಅಂಟಿಸಿದ ಗುರುತು. ಒಂದು ಬದಿಯಲ್ಲಿ ಮಾತ್ರ ಚಹಾ ಚೆಲ್ಲಿ ಒಣಗಿದಂತೆ ತೆಳುವಾದ ಕಂದು ಕಲೆ, ಗಂಟಿನ ಕೆಳಗಿಂದ ಹೊರಗೆ ಇಣುಕುತ್ತಿತ್ತು.

ಅಷ್ಟರಲ್ಲಿ ಏನೇನು ಆಗಿತ್ತು ಅಂತ ಮಗಳು ಹೇಳಿದರು. ಮೊದಲು ಔಷಧಿ ಅಂಗಡಿಯ ಆಣಿ ಪಟ್ಟಿ. ಅದರಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ, ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಮೇಲ್ಚರ್ಮ ಸುಲಿದು ಬಂತು, ಗಂಟು ಹೋಗಲಿಲ್ಲ. ಆಮೇಲೆ ಇವರೇ ಬ್ಲೇಡಿನಲ್ಲಿ ಮೇಲ್ಭಾಗ ಕತ್ತರಿಸಿದ್ದರು. ರಕ್ತ ನಿಲ್ಲಲು ಬಹಳ ಹೊತ್ತು ಬೇಕಾಯಿತಂತೆ. ಬಟ್ಟೆ ಕತ್ತರಿಸಿ ಅಭ್ಯಾಸ ಇರುವ ಕೈ, ನೀಟಾಗಿಯೇ ಕತ್ತರಿಸಿತ್ತು. ನಂತರ ಒಂದು ಕ್ಲಿನಿಕ್‌ನಲ್ಲಿ ಅದನ್ನು ಸುಟ್ಟು ತೆಗೆದರು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಲಿಲ್ಲ. ಬೇಗನೇ ಅದೇ ಜಾಗದಲ್ಲಿ ಮತ್ತೆ ಬಂತು, ಮೊದಲಿಗಿಂತ ದಪ್ಪಗೆ.

ಆ ಕ್ಲಿನಿಕ್‌ನವರನ್ನು ನಾನು ಬೈಯಲಾರೆ. ಸಣ್ಣ ಗಾಯದ ಮೇಲೆ ಕೆಲವೇ ವಾರದಲ್ಲಿ ಬೆಳೆಯುವ, ಮುಟ್ಟಿದರೆ ರಕ್ತ ಬರುವ ಪಯೋಜೆನಿಕ್ ಗ್ರಾನ್ಯುಲೋಮಾ ಎಂಬ ನಿರಪಾಯಕಾರಿ ಗಂಟು ನೋಡಲು ಥೇಟ್ ಹೀಗೇ ಇರುತ್ತದೆ. ಹಾಗೆ ಅಂದುಕೊಂಡರೆ ತಪ್ಪೇನಿಲ್ಲ. ತೆಗೆದ ಮೇಲೆ ತುಂಡನ್ನು ಬಿಸಾಡಿದ್ದು ತಪ್ಪು.

ಆಣಿ ಹೌದೋ ಅಲ್ಲವೋ ನೋಡಲು ಹಳೆಯ ಉಪಾಯ ಒಂದಿದೆ. ಗಟ್ಟಿ ಚರ್ಮವನ್ನು ಮೆಲ್ಲಗೆ ಹೆರೆಯಬೇಕು. ಆಣಿಯಾದರೆ ನಡುವೆ ಕಣ್ಣಿನಂಥ ಗಟ್ಟಿ ತಿರುಳು ಸಿಗುತ್ತದೆ. ನರಹುಲಿಯಾದರೆ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆಗಳು. ಇಲ್ಲಿ ಎರಡೂ ಇರಲಿಲ್ಲ. ಪಕ್ಕದ ಕಂದು ಕಲೆಯ ಮೇಲೆ ಡರ್ಮಟೋಸ್ಕೋಪ್ ಇಟ್ಟೆ. ಅಂಗಾಲಿನ ಚರ್ಮದಲ್ಲಿ ಉತ್ತ ಹೊಲದ ಹಾಗೆ ಏರು-ತಗ್ಗಿನ ಗೆರೆಗಳಿರುತ್ತವೆ. ಸಾಮಾನ್ಯ ಮಚ್ಚೆಯ ಬಣ್ಣ ತಗ್ಗಿನ ಗೆರೆಯಲ್ಲಿ ಕೂತಿರುತ್ತದೆ. ಮೆಲನೋಮಾ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್, ಅದರ ಬಣ್ಣ ಏರಿನ ಮೇಲೆ ಪಟ್ಟಿ ಪಟ್ಟಿಯಾಗಿ ಹರಡುತ್ತದೆ. ಇವರದ್ದು ಏರಿನ ಮೇಲಿತ್ತು.

ಆ ಹೊತ್ತಿಗೆ ನನ್ನ ಬೆನ್ನು ತಣ್ಣಗಾಯಿತು. ಮೂಗಿನ ವೇಗ ನೋಡಿ ದಿನ ಕೊಟ್ಟಿದ್ದೆ, ಅದರ ಜೊತೆ ಕಾಲನ್ನೂ ಕಾಯಿಸಿದ್ದೆ.

ಕಾಯುವುದೋ, ಕತ್ತರಿಸುವುದೋ

ಮಗಳು ಕೇಳಿದರು, ಫೋಟೋ ತೆಗೆದಿಟ್ಟು ಒಂದು ತಿಂಗಳು ನೋಡೋಣವೇ ಎಂದು. ಕೇಳಿದ್ದು ಸರಿಯಾಗಿಯೇ ಇತ್ತು. ಚಪ್ಪಟೆ ಮಚ್ಚೆಗಳ ವಿಷಯದಲ್ಲಿ ನಾವು ಹಾಗೆ ಮಾಡುತ್ತೇವೆ, ಮೂರು ತಿಂಗಳ ಅಂತರದಲ್ಲಿ ಎರಡು ಫೋಟೋ ಹೋಲಿಸುತ್ತೇವೆ. ಆದರೆ ಎದ್ದು ನಿಂತ, ಗಟ್ಟಿಯಾದ, ಒಂದು ತಿಂಗಳಿಗಿಂತ ಜಾಸ್ತಿ ಬೆಳೆಯುತ್ತಲೇ ಇರುವ ಗಂಟನ್ನು ಕಾಯಿಸಬಾರದು. 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಕೊಟ್ಟ ಎ-ಬಿ-ಸಿ-ಡಿ ಸೂತ್ರ ಬಹಳ ಜನಕ್ಕೆ ಗೊತ್ತು: ಆಕಾರ ಸಮ ಇಲ್ಲದ್ದು, ಅಂಚು ಹರಿದಂತಿರುವುದು, ಬಣ್ಣ ಬೆರಕೆಯಾದದ್ದು, ಅಡ್ಡಗಲ 6 ಮಿಲಿಮೀಟರ್ ದಾಟಿದ್ದು. ಈ ಗಂಟನ್ನು ಆ ಸೂತ್ರಕ್ಕೆ ಹಿಡಿದರೆ ಅಡ್ಡಗಲ ಬಿಟ್ಟು ಬೇರೆಲ್ಲದರಲ್ಲೂ ಪಾಸಾಗುತ್ತಿತ್ತು. ದುಂಡಗಿತ್ತು, ಅಂಚು ಅಚ್ಚುಕಟ್ಟಾಗಿತ್ತು, ಮೈಯೆಲ್ಲ ಒಂದೇ ಗುಲಾಬಿ ಬಣ್ಣ. ಬೇಗ ಬೆಳೆಯುವ ಮೆಲನೋಮಾಗಳು ಎಷ್ಟೋ ಸಲ ಇಂಥ ಸಾಧು ಮುಖ ಹೊತ್ತೇ ಬರುತ್ತವೆ.

“ಕತ್ತರಿ ತಾಗಿಸಿದರೆ ಹರಡುತ್ತೆ ಅಂತಾರಲ್ಲ?” ಎಂದು ಇನ್ನೊಂದು ಪ್ರಶ್ನೆ. ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ಅದನ್ನೇ ಹೇಳಿ, ಅದೇ ಮಧ್ಯಾಹ್ನ ಎರಡು ತುಂಡು ತೆಗೆದೆ, ಗಂಟಿನ ದಪ್ಪ ಜಾಗದಿಂದ ಒಂದು, ಕಂದು ಕಲೆಯಿಂದ ಇನ್ನೊಂದು. ಸಣ್ಣ ಮಚ್ಚೆಯಾಗಿದ್ದರೆ ಪೂರ್ತಿ ತೆಗೆದೇ ಕಳಿಸುತ್ತಿದ್ದೆ. ಹಿಮ್ಮಡಿಯಲ್ಲಿ ಅಷ್ಟು ಅಗಲ ತೆಗೆದರೆ ಹೊಲಿಯಲು ಚರ್ಮ ಸಾಲುವುದಿಲ್ಲ. ಮೂಗಿನಿಂದಲೂ ಅಂದೇ ತೆಗೆದೆ.

ಹಳೆಯ ಫೋಟೋಗಳು

ವರದಿ ಬರುವವರೆಗೆ ಒಂದು ಕೆಲಸ ಕೊಟ್ಟೆ. ಮನೆಯವರ ಮೊಬೈಲುಗಳಲ್ಲಿ ಅಪ್ಪನ ಕಾಲು, ಮೂಗು ಕಾಣುವ ಹಳೆಯ ಫೋಟೋ ಇದ್ದರೆ ಹುಡುಕಿ ಅಂತ. ಕೇಳಿದ್ದು ಅಷ್ಟೇನೂ ಯೋಚನೆ ಮಾಡಿ ಅಲ್ಲ, ಅವರಿಗೆ ಕೈಗೊಂದು ಕೆಲಸ ಇರಲಿ ಅಂತಲೂ ಇತ್ತು. ಆದರೆ ಇಡೀ ಪ್ರಕರಣದ ದಿಕ್ಕು ತಿರುಗಿದ್ದು ಅಲ್ಲೇ.

ಅವರ ಲೆಕ್ಕದಲ್ಲಿ ಮೂಗಿನದ್ದು ನಾಲ್ಕು ವರ್ಷದ್ದು, ಕಾಲಿನದ್ದು “ಎರಡು ತಿಂಗಳು ಆಗಿರಬಹುದು.”

ಮೂಗಿಗೆ ಸಿಕ್ಕಿದ್ದು ಏಳು ವರ್ಷದ ಹಿಂದಿನ ಒಂದು ಗುರುತಿನ ಚೀಟಿಯ ಫೋಟೋ. ಹಿಗ್ಗಿಸಿ ನೋಡಿದರೆ ಅದೇ ಜಾಗದಲ್ಲಿ ಪೆನ್ನಿನ ಮೊನೆ ಒತ್ತಿದಷ್ಟು ಕಪ್ಪು. ಅಂದರೆ ಏಳು ವರ್ಷಕ್ಕೆ 6 ಮಿಲಿಮೀಟರ್, ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಇಲ್ಲ.

ಕಾಲಿನದ್ದು ಬೇರೆಯೇ ಕಥೆ. ಹದಿನಾಲ್ಕು ತಿಂಗಳ ಹಿಂದೆ ಅವರು ಚಾಪೆಯ ಮೇಲೆ ಮಲಗಿದ್ದಾಗ ಮೊಮ್ಮಗು ಅವರ ಪಾದದ ಪಕ್ಕ ಕೂತು ನಗುತ್ತಿರುವ ಒಂದು ಫೋಟೋ ಸಿಕ್ಕಿತು. ಫೋಟೋ ತೆಗೆದದ್ದು ಮಗುವಿನದ್ದು. ಅಂಚಿನಲ್ಲಿ ಅಜ್ಜನ ಹಿಮ್ಮಡಿ ಬಂದಿತ್ತು, ಅದರ ಮೇಲೆ ಅಂಗಿ ಗುಂಡಿಯಷ್ಟು ಅಗಲದ ಕಂದು ಕಲೆ. ಪೂರ್ತಿ ಚಪ್ಪಟೆ. ಯಾರೂ ನೋಡಿರಲಿಲ್ಲ. ನೋಡಿದ್ದರೂ ಕೊಳೆ ಅಂದುಕೊಳ್ಳುತ್ತಿದ್ದರು. ಐದು ತಿಂಗಳ ಹಿಂದಿನ ಇನ್ನೊಂದರಲ್ಲಿ ಕಲೆ ಸ್ವಲ್ಪ ಅಗಲ ಆಗಿತ್ತು, ಆದರೆ ಆಗಲೂ ಚಪ್ಪಟೆ. ಮೂರನೆಯದು ಔಷಧಿ ಅಂಗಡಿಯವರಿಗೆ ತೋರಿಸಲು ಮಗಳೇ ತೆಗೆದದ್ದು, ನಾನು ಕಾಲು ನೋಡುವುದಕ್ಕೆ ಮೂರು ವಾರ ಮೊದಲು. ಗಂಟು ಎದ್ದಿತ್ತು, ಸುಮಾರು 5 ಮಿಲಿಮೀಟರ್. ನನ್ನ ಮುಂದೆ ಬಂದಾಗ 9.

ಎರಡು ತಿಂಗಳ ಆಣಿ ಅಲ್ಲ ಅದು. ವರ್ಷದ ಮೇಲೆ ಸದ್ದಿಲ್ಲದೆ ಅಡ್ಡಡ್ಡ ಹರಡಿ, ಕೊನೆಯ ಎರಡು ತಿಂಗಳಲ್ಲಿ ದಿಕ್ಕು ಬದಲಿಸಿದ ಮೆಲನೋಮಾ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೆಚ್ಚಿನ ಮೆಲನೋಮಾಗಳು ಮೊದಲು ಚರ್ಮದ ಹೊರಪದರದಲ್ಲೇ ಅಗಲವಾಗುತ್ತವೆ. ಆ ಪದರದಲ್ಲಿ ರಕ್ತನಾಳ ಇಲ್ಲ, ಮೈಯ ನೀರಿನಂಥ ದ್ರವ ಸಾಗಿಸುವ ದುಗ್ಧನಾಳವೂ ಇಲ್ಲ. ಕ್ಯಾನ್ಸರ್ ಜೀವಕೋಶಕ್ಕೆ ಅಲ್ಲಿಂದ ಹೊರಹೋಗಲು ದಾರಿಯೇ ಇಲ್ಲ. ಈ ಹಂತ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಇರುತ್ತದೆ. ಬಿಸಿಲು ತಿಂದ ಮುಖದ ಮೇಲೆ ಬರುವ ಲೆಂಟಿಗೋ ಮಲಿಗ್ನಾ ಎಂಬುದು ಹತ್ತಾರು ವರ್ಷ ಹೀಗೇ ಇರಬಲ್ಲದು. ಯಾವಾಗಲೋ ಒಮ್ಮೆ ಅದು ಕೆಳಗಿಳಿಯಲು ಶುರುಮಾಡುತ್ತದೆ. ಕೆಳಪದರದಲ್ಲಿ ನಾಳಗಳು ಇವೆ. ಆಮೇಲೆ ಲೆಕ್ಕ ವಾರಗಳದ್ದು. ನೋಡ್ಯುಲರ್ ಎಂಬ ಬಗೆ ಮಾತ್ರ ಈ ಚಪ್ಪಟೆ ಹಂತವನ್ನು ಹೆಚ್ಚುಕಡಿಮೆ ಬಿಟ್ಟು ನೇರ ಕೆಳಕ್ಕೇ ಹೋಗುತ್ತದೆ.

ನಾವು ಕಣ್ಣಿನಿಂದ ಅಳೆಯುವುದು ಅಗಲ. ಜೀವಕ್ಕೆ ಕುತ್ತು ತರುವುದು ಆಳ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ: ಚರ್ಮದ ಮೇಲ್ಪದರದಿಂದ ಅತ್ಯಂತ ಕೆಳಗಿನ ಕ್ಯಾನ್ಸರ್ ಜೀವಕೋಶದವರೆಗೆ ಎಷ್ಟು ಮಿಲಿಮೀಟರ್ ಅನ್ನುವುದರ ಮೇಲೆ ರೋಗಿಯ ಮುಂದಿನ ದಾರಿ ನಿಂತಿದೆ. ಇಂದಿಗೂ ಮೆಲನೋಮಾ ವರದಿಯಲ್ಲಿ ನಾವು ಮೊದಲು ಹುಡುಕುವ ಅಂಕಿ ಅದು.

ವರದಿ ಬಂತು. ಮೂಗಿನದ್ದು ಬೇಸಲ್ ಸೆಲ್ ಕಾರ್ಸಿನೋಮಾ. ಹಿಮ್ಮಡಿಯದ್ದು ಮೆಲನೋಮಾ, ಅಂಗೈ, ಅಂಗಾಲು, ಉಗುರಿನ ಕೆಳಗೆ ಬರುವ ಏಕ್ರಲ್ ಲೆಂಟಿಜಿನಸ್ ಬಗೆ. ಆಳ 1.9 ಮಿಲಿಮೀಟರ್. ಈ ಬಗೆಗೆ ಬಿಸಿಲಿನ ನಂಟಿಲ್ಲ. ಕಪ್ಪು, ಕಂದು ಮೈಬಣ್ಣದವರಿಗೆ ಮೆಲನೋಮಾ ಬರುವುದೇ ಕಡಿಮೆ, ಬಂದಾಗ ಬಹಳ ಸಲ ಇಂಥ ಜಾಗದಲ್ಲೇ. ಹಾಗಾಗಿ ಆಣಿ, ಪೆಟ್ಟು, ಉಗುರು ಸುತ್ತು ಅಂತ ಏನಾದರೊಂದು ಕಾರಣ ಕೈಗೆ ಸಿಕ್ಕೇಬಿಡುತ್ತದೆ. ಗಾಯಕ ಬಾಬ್ ಮಾರ್ಲಿಗೂ ಹೀಗೇ ಆಗಿತ್ತು. ಕಾಲುಬೆರಳಿನದ್ದು ಫುಟ್‌ಬಾಲ್ ಆಡುವಾಗ ಆದ ಗಾಯ ಅಂದುಕೊಂಡಿದ್ದರು. 1977ರಲ್ಲಿ ಮೆಲನೋಮಾ ಎಂದು ಗೊತ್ತಾಯಿತು, 1981ರಲ್ಲಿ ತೀರಿಕೊಂಡರು.

ಉಗುರಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪೆಟ್ಟು ಬಿದ್ದು ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಕಪ್ಪು ಉಗುರಿನ ಜೊತೆಗೇ ಮುಂದಕ್ಕೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಒಂದರಿಂದ ಒಂದೂವರೆ ಮಿಲಿಮೀಟರ್, ಕೈಯದು ಸುಮಾರು 3. ಒಂದೆರಡು ತಿಂಗಳಾದರೂ ಬುಡದಲ್ಲಿ ಹೊಸ ಬಿಳಿ ಉಗುರು ಕಾಣದಿದ್ದರೆ, ಅಥವಾ ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೆ ಹಬ್ಬಿದ್ದರೆ, ಪೆಟ್ಟಿನ ಕಥೆ ನಂಬಬೇಡಿ.

“ಆ ಐದು ವಾರ?”

ವರದಿ ಓದಿ ಹೇಳಿದ ದಿನ ಅವರು ಕೇಳಿದ ಮೊದಲ ಪ್ರಶ್ನೆ ಇದು. “ನಾನು ಮೊದಲ ಸಲ ಬಂದಾಗಲೇ ನೋಡಿದ್ದಿದ್ರೆ ಎಷ್ಟು ಕಮ್ಮಿ ಇರ್ತಿತ್ತು ಡಾಕ್ಟ್ರೇ?” ಬೈಗುಳ ಇರಲಿಲ್ಲ ದನಿಯಲ್ಲಿ. ಅಳತೆಯ ಮನುಷ್ಯ, ಅಳತೆ ಕೇಳಿದರು.

ನನಗೆ ಗೊತ್ತಿದ್ದ ಅಂಕಿಗಳನ್ನು ಹೇಳಿದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ 404 ಮೆಲನೋಮಾಗಳ ವೇಗ ಲೆಕ್ಕ ಹಾಕಿತ್ತು. ಅಗಲಕ್ಕೆ ಹರಡುವ ಸಾಮಾನ್ಯ ಬಗೆ ತಿಂಗಳಿಗೆ 0.12 ಮಿಲಿಮೀಟರ್ ಆಳ ಇಳಿದರೆ, ನೋಡ್ಯುಲರ್ ಬಗೆ 0.49. ಇವು ನಡುಮಟ್ಟದ ಅಂಕಿಗಳು. ಒಟ್ಟು ಗಡ್ಡೆಗಳಲ್ಲಿ ಮೂರರಲ್ಲಿ ಒಂದು ಪಾಲು ತಿಂಗಳಿಗೆ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಜಾಸ್ತಿ ಬೆಳೆದಿದ್ದವು, ಇನ್ನೊಂದು ಪಾಲು 0.1ಕ್ಕಿಂತ ಕಡಿಮೆ. ನಿಮ್ಮದು ಕೊನೆಯಲ್ಲಿ ಬೇಗದ ಗುಂಪಿಗೆ ಸೇರಿತ್ತು, ಹಾಗಾಗಿ ಐದು ವಾರಕ್ಕೆ ಅರ್ಧ ಮಿಲಿಮೀಟರ್ ಆಗಿದ್ದರೂ ಆಶ್ಚರ್ಯ ಇಲ್ಲ ಎಂದೆ.

ಆದರೆ ಅಂಕಿಗಳ ಬುಡ ಕೆದಕಿದರೆ ಒಂದು ತಮಾಷೆ ಇದೆ. ಆ ಲೆಕ್ಕದಲ್ಲಿ ಆಳವನ್ನು ಭಾಗಿಸಿದ್ದು ರೋಗಿ ಮೊದಲು ಗಮನಿಸಿದ ದಿನದಿಂದ ಎಣಿಸಿದ ಕಾಲದಿಂದ. ಗಮನಿಸಿದ ದಿನ ಅಂದರೆ ನೆನಪು. ಇವರ ನೆನಪಿನಂತೆ ಎರಡು ತಿಂಗಳಿಗೆ 1.9 ಮಿಲಿಮೀಟರ್, ತಿಂಗಳಿಗೆ ಹತ್ತಿರ ಹತ್ತಿರ ಒಂದು. ಮೊಮ್ಮಗುವಿನ ಫೋಟೋದಿಂದ ಎಣಿಸಿದರೆ ತಿಂಗಳಿಗೆ 0.14. ಒಂದೇ ಗಡ್ಡೆ, ಒಂದೇ ಆಳ, ಎರಡು ವೇಗ. ಎರಡರಲ್ಲಿ ಯಾವುದು ನಿಜ ಎಂದರೆ ಎರಡೂ ನಿಜ, ಒಂದು ಕೊನೆಯ ಹಂತಕ್ಕೆ, ಇನ್ನೊಂದು ಇಡೀ ಅವಧಿಯ ಸರಾಸರಿಗೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಐದು ವಾರಕ್ಕಿಂತ ಆ ಒಂದು ವರ್ಷವೇ ದೊಡ್ಡ ನಷ್ಟ” ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ಏನೋ. ನಿಜ ಮಾತ್ರ ಹೌದು. ಕಲೆ ಹೊರಪದರದಲ್ಲಷ್ಟೇ ಇದ್ದಾಗ ಅರ್ಧದಿಂದ ಒಂದು ಸೆಂಟಿಮೀಟರ್ ಅಂಚು ಬಿಟ್ಟು ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಬೇಗ ಬೆಳೆಯುವುದೆಲ್ಲ ಹೆಚ್ಚು ಅಪಾಯ ಅಂತಲೂ ತಿಳಿಯಬೇಡಿ. ಕೆರಟೋಅಕ್ಯಾಂತೋಮಾ ಎಂಬ ಗಂಟು ಆರೆಂಟು ವಾರದಲ್ಲಿ ಸಣ್ಣ ಜ್ವಾಲಾಮುಖಿಯ ಹಾಗೆ ಎದ್ದು, ಎಷ್ಟೋ ಸಲ ತಾನಾಗಿ ಇಳಿದುಹೋಗುತ್ತದೆ. ಆದರೆ ಹೊರನೋಟಕ್ಕೆ ಅದನ್ನೂ ಸ್ಕ್ವೇಮಸ್ ಸೆಲ್ ಎಂಬ ಇನ್ನೊಂದು ಚರ್ಮದ ಕ್ಯಾನ್ಸರನ್ನೂ ಬೇರೆ ಮಾಡುವುದು ಕಷ್ಟ, ಹಾಗಾಗಿ ತೆಗೆದೇ ಬಿಡುತ್ತೇವೆ. ಮರ್ಕೆಲ್ ಸೆಲ್ ಕ್ಯಾನ್ಸರ್ ಮಾತ್ರ ಹಾಗಲ್ಲ. ಅಪರೂಪದ್ದು, ನೋವೇ ಇಲ್ಲದೆ ವಾರಗಳಲ್ಲಿ ಬೆಳೆಯುತ್ತದೆ, ಮೆಲನೋಮಾಕ್ಕಿಂತಲೂ ಕೆಟ್ಟದ್ದು.

ಚಿಕಿತ್ಸೆ

ಇದನ್ನು ಚುಟುಕಾಗಿ ಹೇಳುತ್ತೇನೆ, ಇಲ್ಲಿ ವಿಶೇಷ ಏನೂ ಇರಲಿಲ್ಲ. ಹಿಮ್ಮಡಿಯ ಗಡ್ಡೆಯನ್ನು ಸುತ್ತಲೂ 2 ಸೆಂಟಿಮೀಟರ್ ಅಂಚು ಸೇರಿಸಿ ತೆಗೆದರು. ಗಡ್ಡೆ ಇಡಿಯಾಗಿ ಸಿಕ್ಕಮೇಲೆ ಆಳ 2.2 ಎಂದು ಬಂತು. ಮೊದಲ ತುಂಡಿನ ಅಂಕಿ ಕೊನೆಯದಲ್ಲ ಅನ್ನುವುದು ನೆನಪಿರಲಿ. ಅದೇ ಹೊತ್ತಿಗೆ ತೊಡೆಸಂದಿನಲ್ಲಿ ಸೆಂಟಿನೆಲ್ ಗ್ರಂಥಿಯ ಪರೀಕ್ಷೆ ಆಯಿತು. ಗಡ್ಡೆಯ ಜಾಗಕ್ಕೆ ನೀಲಿ ಬಣ್ಣ ಮತ್ತು ಸ್ವಲ್ಪ ವಿಕಿರಣ ವಸ್ತು ಚುಚ್ಚಿ, ಅದು ಮೊದಲು ತಲುಪುವ ದುಗ್ಧಗ್ರಂಥಿಯನ್ನು ತೆಗೆದು ನೋಡುವ ವಿಧಾನ. ಗ್ರಂಥಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹಿಮ್ಮಡಿಗೆ ತೊಡೆಯ ಚರ್ಮ ಕಸಿ ಮಾಡಿದರು. ಆರು ವಾರ ಆ ಕಾಲು ನೆಲಕ್ಕೆ ಊರುವಂತಿರಲಿಲ್ಲ.

ಮೂಗಿನದ್ದು? ಅದು ಕಾಯಿತು. ಕಾಲಿನ ಗಾಯ ಒಣಗಿದ ಮೇಲೆ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಕೊಳ್ಳುತ್ತಲೇ ತೆಗೆದರು. ಏಳು ವರ್ಷ ಕಾದದ್ದು ಇನ್ನೆರಡು ತಿಂಗಳು ಕಾದರೆ ಏನೂ ಆಗುವುದಿಲ್ಲ ಎಂದಾಗ ಮಗಳಿಗೆ ನಗು ಬಂತು. ಮೊದಲ ದಿನ ಅವರಿಗೆ ನಿದ್ದೆ ಕೆಡಿಸಿದ್ದು ಅದೇ ಕಪ್ಪು ಗಂಟು ಅಲ್ವಾ.

ಈಗ ನನ್ನ ಕೋಣೆಯಲ್ಲಿ ಕೆಲವು ಬದಲಾಗಿವೆ. ಮೂಗು ತೋರಿಸಲು ಬಂದವರೂ ಚಪ್ಪಲಿ ಬಿಡಬೇಕು. “ಯಾವಾಗ ಶುರುವಾಯ್ತು?” ಅಂತ ಮೊದಲು ಕೇಳುವುದನ್ನು ಬಿಟ್ಟಿದ್ದೇನೆ. “ಈ ಜಾಗ ಕಾಣುವ ಅತ್ಯಂತ ಹಳೆಯ ಫೋಟೋ ಯಾವುದಿದೆ?” ಎಂದು ಕೇಳುತ್ತೇನೆ. ಹೊಸ ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲೇಬೇಕು. ತೆಗೆದ ಯಾವ ತುಂಡೂ ಬುಟ್ಟಿಗೆ ಹೋಗುವುದಿಲ್ಲ.

ಆಪರೇಷನ್ ಆಗಿ ಎರಡು ವರ್ಷ ದಾಟಿದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಾರೆ. ತೊಡೆಸಂದು ಮುಟ್ಟಿ ನೋಡುತ್ತೇನೆ, ಅಂಗಾಲು, ಬೆರಳಸಂದು, ಬೆನ್ನು ಎಲ್ಲ ನೋಡುತ್ತೇನೆ. ಇವತ್ತಿನವರೆಗೆ ಏನೂ ಮರಳಿಲ್ಲ. ಯಂತ್ರಕ್ಕೆ ಮೋಟಾರ್ ಹಾಕಿಸಿಕೊಂಡಿದ್ದಾರೆ.

ಹೋದ ಸಲ ಬಂದಾಗ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆ ಬರೆಯುವ ಪುಸ್ತಕ ತಂದಿದ್ದರು. ಕೊನೆಯ ಹಾಳೆಯಲ್ಲಿ ಅವರದ್ದೇ ಅಳತೆ: “ಎಡಗಾಲು, ಹೆಬ್ಬೆರಳ ಬುಡ, 3 ಮಿ.ಮೀ.” ಕೆಳಗೆ ಹನ್ನೊಂದು ದಿನಾಂಕ, ತಿಂಗಳಿಗೊಂದು. ಎಲ್ಲದರ ಮುಂದೆಯೂ 3. ಡರ್ಮಟೋಸ್ಕೋಪ್ ಇಟ್ಟು ನೋಡಿದೆ. ಬಣ್ಣ ತಗ್ಗಿನ ಗೆರೆಯಲ್ಲಿತ್ತು. ಇದು ಮಚ್ಚೆ, ಇನ್ನು ಅಳೆಯಬೇಕಾಗಿಲ್ಲ ಎಂದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹನ್ನೆರಡನೆಯ ದಿನಾಂಕ ಬರೆದರು.